ಮಶೇರಿಯೂ ಹಸುಗೂಸಿನ ಉಸಿರೂ

ರಾಯಬಾಗದಿಂದ ಚಿಕ್ಕೋಡಿ ದಾಟಿ ನಿಪ್ಪಾಣಿಗೆ ಹೊರಟರೆ ಈಗ ಎಲ್ಲೆಲ್ಲೂ ಕಬ್ಬು. ನಿಪ್ಪಾಣಿಗೆ ಹೆಸರು ತಂದದ್ದು ಮಾತ್ರ ಬೀಡಿ ತಂಬಾಕು. 1981ರಲ್ಲಿ ರೈತ ನಾಯಕ ಶರದ್ ಜೋಶಿಯವರ ಮುಂದಾಳತ್ವದಲ್ಲಿ ರೈತರು ತಂಬಾಕಿನ ದರಕ್ಕಾಗಿ ಹೆದ್ದಾರಿಯಲ್ಲೇ ಕೂತರು. ಏಪ್ರಿಲ್ 6ರ ಗೋಲಿಬಾರಿನಲ್ಲಿ 12 ಜನ ಸತ್ತರು. ಅದೇ ಕಾಲಕ್ಕೆ ತಂಬಾಕಿನ ವಖಾರಗಳ (ಗೋದಾಮುಗಳ) ಹೆಂಗಸರು ಕೂಲಿಗಾಗಿ ಸಂಘ ಕಟ್ಟಿದರು. ಅವರ ಬದುಕನ್ನು ಯುಗಾಂತರ ಎಂಬ ಚಿತ್ರತಂಡ 1982ರಲ್ಲಿ ಸಾಕ್ಷ್ಯಚಿತ್ರ ಮಾಡಿತು. ದರವೂ ಕೂಲಿಯೂ ನ್ಯಾಯದ ಜಗಳಗಳೇ. ಆ ತಂಬಾಕಿನ ಘಾಟಿನಲ್ಲಿ ದುಡಿಯುವ ಬಸುರಿಯ ಹೊಟ್ಟೆಯ ಕೂಸಿನ ಪಾಲಿಗೆ ಏನು ಬರುತ್ತದೆ ಎಂಬುದು ಬೇರೆಯೇ ಲೆಕ್ಕ.

ತಂಬಾಕಿನಲ್ಲಿರುವ ನಿಕೋಟಿನ್ ಚುರುಕು ತರುವ ವಸ್ತು. ನಮ್ಮ ಕತ್ತಿನಲ್ಲಿ, ಮಿದುಳಿಗೆ ಹೋಗುವ ರಕ್ತನಾಳ ಕವಲೊಡೆಯುವಲ್ಲಿ, ಅಕ್ಕಿಕಾಳಿನಷ್ಟು ದೊಡ್ಡ ಕೆರೋಟಿಡ್ ಕಾಯವಿದೆ. ರಕ್ತದಲ್ಲಿ ಆಮ್ಲಜನಕ ಇಳಿದೊಡನೆ ಅದು ಮಿದುಳಿಗೆ ಸುದ್ದಿ ಮುಟ್ಟಿಸುತ್ತದೆ, ಉಸಿರು ಜೋರಾಗುತ್ತದೆ. ಉಸಿರಾಟದ ಈ ಹತೋಟಿಯನ್ನು ಬಿಡಿಸಿ ತೋರಿಸಿದ ಬೆಲ್ಜಿಯಂನ ಕಾರ್ನೇಲ್ ಹೈಮಾನ್ಸ್‌ಗೆ 1938ರ ನೊಬೆಲ್ ಸಂದಿತು. ನಿಕೋಟಿನ್ ಅದೇ ಕಾಯವನ್ನು ಕೆಣಕಿ ದೊಡ್ಡವರ ಉಸಿರನ್ನು ಏರಿಸುತ್ತದೆ.

ಹಾಗಾದರೆ ಕೂಸಿಗೂ ಒಳ್ಳೆಯದಲ್ಲವೇ? ಇಲ್ಲಿ ಲೆಕ್ಕ ತಿರುಗುತ್ತದೆ. ಆಮ್ಲಜನಕ ಕಡಿಮೆಯಾದರೆ ಹಸುಗೂಸು ಒಂದೆರಡು ನಿಮಿಷ ಜೋರಾಗಿ ಉಸಿರಾಡಿ, ಆಮೇಲೆ ಸಡಿಲಾಗುತ್ತದೆ. ಆ ಗಳಿಗೆಯಲ್ಲಿ ಅದು ಎಚ್ಚರಗೊಳ್ಳಬೇಕು, ಮುಖ ಹೊರಳಿಸಬೇಕು. ಹೊಟ್ಟೆಯಲ್ಲಿದ್ದಾಗಲೇ ತಿಂಗಳುಗಟ್ಟಲೆ ನಿಕೋಟಿನ್ ಸೋಕಿದರೆ ಈ ಪ್ರತಿಕ್ರಿಯೆಯೇ ಮಂಕಾಗುತ್ತದೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಥಿಯೊಡೋರ್ ಸ್ಲಾಟ್ಕಿನ್ ಮತ್ತವರ ಸಂಗಡಿಗರು ಇಲಿಮರಿಗಳಲ್ಲಿ ಕಂಡದ್ದು ಇಂಥದ್ದನ್ನೇ: ಉಸಿರು ಕಟ್ಟಿದಾಗ ಮರಿಯ ಅಡ್ರಿನಲ್ ಗ್ರಂಥಿ ತಾನಾಗಿಯೇ ಅಡ್ರಿನಲಿನ್ ಸುರಿಸಿ ಜೀವ ಹಿಡಿಯುತ್ತದೆ; ಗರ್ಭದಲ್ಲಿ ನಿಕೋಟಿನ್ ಉಂಡ ಮರಿಗಳಲ್ಲಿ ಅದು ಸರಿಯಾಗಿ ಸುರಿಯಲಿಲ್ಲ, ಸತ್ತವು ಹೆಚ್ಚು. ಸಿಗರೇಟು ಸೇದುವ ತಾಯಂದಿರ ಕೂಸುಗಳು ನಿದ್ದೆಯಲ್ಲೇ ಹಠಾತ್ತನೆ ತೀರಿಕೊಳ್ಳುವ ಅಪಾಯ ಜಾಸ್ತಿ ಎಂಬುದಂತೂ ಎಷ್ಟೋ ದೇಶಗಳಲ್ಲಿ ಖಚಿತವಾಗಿದೆ.

ನಮ್ಮ ಗಡಿಯ ಹೆಂಗಸರು ಸಿಗರೇಟು ಎಲ್ಲಿ ಸೇದುತ್ತಾರೆ, ಎನ್ನಬಹುದು. ಅವರದು ಮಶೇರಿ: ತಂಬಾಕನ್ನು ಹೆಂಚಿನ ಮೇಲೆ ಕರಕಾಗಿ ಹುರಿದು, ಪುಡಿಮಾಡಿ ಹಲ್ಲಿಗೆ ತಿಕ್ಕುವುದು. ಹೊಗೆಯಿಲ್ಲ, ನಿಕೋಟಿನ್ ಇದೆ. ಮುಂಬೈಯಲ್ಲಿ 1,217 ಬಸುರಿಯರನ್ನು ಹಿಂಬಾಲಿಸಿ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೊಗೆರಹಿತ ತಂಬಾಕು ಬಳಸಿದವರ ಕೂಸುಗಳ ತೂಕ ಸರಾಸರಿ 105 ಗ್ರಾಂ ಕಡಿಮೆ ಬಂತು. ಅವರಲ್ಲಿ ಹೆಚ್ಚಿನವರು ಬಳಸುತ್ತಿದ್ದುದು ಮಶೇರಿಯನ್ನೇ. ಇನ್ನು ತಂಬಾಕಿನ ಎಲೆ, ಧೂಳು ಮುಟ್ಟಿ ದುಡಿಯುವವರಿಗೆ ಚರ್ಮದ ಮೂಲಕವೂ ನಿಕೋಟಿನ್ ಒಳಗಿಳಿಯುತ್ತದೆ. ಬಾಯಿಗೆ ಹಾಕಿಕೊಳ್ಳದವರ ಮೂತ್ರದಲ್ಲೂ ಅದರ ಗುರುತು ಸಿಕ್ಕಿದೆ.

ಎಲ್ಲ ಚುರುಕೂ ಕೆಟ್ಟದ್ದಲ್ಲ, ಅದನ್ನೂ ಹೇಳಲೇಬೇಕು. ದಿನ ತುಂಬದೆ ಹುಟ್ಟಿದ ಕೂಸು ಉಸಿರು ಮರೆತಾಗ ವೈದ್ಯರು ಕೊಡುವುದು ಕೆಫೀನ್. ಉಸಿರನ್ನು ತಗ್ಗಿಸುವ ಅಡೆನೊಸಿನ್ ಎಂಬ ರಾಸಾಯನಿಕಕ್ಕೆ ಅದು ಅಡ್ಡಗಟ್ಟುತ್ತದೆ. 2006ರಲ್ಲಿ ವರದಿಯಾದ ದೊಡ್ಡ ಪರೀಕ್ಷೆಯಲ್ಲಿ ಕೆಫೀನ್ ಪಡೆದ ಕೂಸುಗಳಿಗೆ ದೀರ್ಘಕಾಲದ ಶ್ವಾಸಕೋಶದ ತೊಂದರೆ ಕಡಿಮೆಯಾಯಿತು. ಅಳೆದ ಡೋಸು, ಪಕ್ಕದಲ್ಲೇ ಕಾಯುವ ನರ್ಸು. ವಖಾರದಲ್ಲಿ ಅಳೆಯುವವರು ಯಾರು?

ಬಸುರಿಯ ತಪಾಸಣೆಯಲ್ಲಿ ‘ತಂಬಾಕು ಸೇವಿಸುತ್ತೀರಾ’ ಎಂದರೆ ಇಲ್ಲ ಎಂಬ ಉತ್ತರವೇ ಬಂದೀತು. ಮಶೇರಿ ಬಹಳ ಜನರ ಕಣ್ಣಿಗೆ ಹಲ್ಲುಪುಡಿ. ‘ಹಲ್ಲಿಗೆ ಏನ್ ಹಚ್ತೀಯವ್ವಾ, ದುಡಿಯಾಕ ಎಲ್ಲಿ ಹೋಗ್ತಿ’ ಎಂದು ಆಶಾ ಕಾರ್ಯಕರ್ತೆ ಕೇಳಿದರೆ ನಿಜ ತಿಳಿದೀತು.