ಫಾಯಿಲ್‌ನ ಹೊಳೆಯುವ ಬದಿ ವಿಷವೇ? ಉತ್ತರ ರೋಲಿಂಗ್ ಮಿಲ್‌ನಲ್ಲಿದೆ

"ಅಲ್ಯೂಮಿನಿಯಂ ಫಾಯಿಲ್‌ನ ಹೊಳೆಯುವ ಬದಿಗೆ ಕೆಮಿಕಲ್ ಬಳಿದಿರುತ್ತಾರೆ, ಊಟ ಮಂಕು ಬದಿಗೇ ತಾಗಬೇಕು." ಇಂಥ ಮಾತು ಫ್ಯಾಮಿಲಿ ಗ್ರೂಪ್‌ಗಳಲ್ಲಿ ಆಗಾಗ ಸುತ್ತುತ್ತಿರುತ್ತದೆ. ಇದನ್ನೇ ತಿರುವಿ, ಮಂಕು ಬದಿಯೇ ಅಪಾಯ ಎನ್ನುವವರೂ ಇದ್ದಾರೆ. ಹಾಗಾದರೆ ಒಂದೇ ಹಾಳೆಗೆ ಎರಡು ಬಣ್ಣ ಬಂದದ್ದು ಹೇಗೆ? ನೋಡೋಣ.

ಲೋಹವನ್ನು ಲಟ್ಟಿಸುವುದು ಹೇಗೆ?

ರೋಲಿಂಗ್ ಎಂದರೆ ಲೋಹವನ್ನು ಚಪಾತಿಯಂತೆ ಲಟ್ಟಿಸುವುದು. ಆದರೆ ಇಲ್ಲಿ ಮಣೆ ಇರುವುದಿಲ್ಲ, ಎರಡು ಉಕ್ಕಿನ ರೋಲರ್‌ಗಳಿರುತ್ತವೆ. ಕಬ್ಬಿನ ಹಾಲಿನ ಯಂತ್ರದಲ್ಲಿ ನೋಡಿರುತ್ತೀರಿ, ಎರಡೂ ಎದುರುಬದುರು ತಿರುಗುತ್ತಾ ನಡುವೆ ಸಿಕ್ಕಿದ್ದನ್ನು ಎಳೆದುಕೊಂಡು ಒತ್ತುತ್ತವೆ. ಲೋಹದ ದಪ್ಪ ಕಡಿಮೆಯಾಗುತ್ತದೆ, ಅಗಲ ಹೆಚ್ಚೇನೂ ಬದಲಾಗುವುದಿಲ್ಲ, ಉದ್ದ ಬೆಳೆಯುತ್ತಾ ಹೋಗುತ್ತದೆ.

ಸಾಮಾನ್ಯ ವಿಧಾನದಲ್ಲಿ ಸುಮಾರು ಅರ್ಧ ಮೀಟರ್ ದಪ್ಪದ ಅಲ್ಯೂಮಿನಿಯಂ ಗಟ್ಟಿಯನ್ನು 500 ಡಿಗ್ರಿ ಸೆಲ್ಸಿಯಸ್ ಆಸುಪಾಸಿಗೆ ಕಾಯಿಸುತ್ತಾರೆ. 660 ಡಿಗ್ರಿಗೆ ಅದು ಕರಗುವುದರಿಂದ, ಈ ಶಾಖದಲ್ಲಿ ಮೆತ್ತಗಾಗುತ್ತದೆಯೇ ಹೊರತು ಕರಗುವುದಿಲ್ಲ. ಇದನ್ನು ಮತ್ತೆ ಮತ್ತೆ ಒತ್ತಿ ಕೆಲವೇ ಮಿಲಿಮೀಟರ್‌ಗೆ ಇಳಿಸುವುದು ಹಾಟ್ ರೋಲಿಂಗ್. ಆಮೇಲೆ ಕಾಯಿಸದೆ ಒತ್ತುವುದು ಕೋಲ್ಡ್ ರೋಲಿಂಗ್. ತಣ್ಣಗೆ ಒತ್ತಿದಷ್ಟೂ ಲೋಹ ಬಿರುಸಾಗುತ್ತದೆ. ಹಾಗಾಗಿ ಕೊನೆಗೆ ಮತ್ತೆ ಕುಲುಮೆಯಲ್ಲಿ ಕಾಯಿಸಿ ಮೆದು ಮಾಡುತ್ತಾರೆ. ಒತ್ತುವಾಗ ಬಳಸಿದ ಎಣ್ಣೆಯೂ ಆ ಶಾಖಕ್ಕೆ ಆವಿಯಾಗಿ ಹೋಗುತ್ತದೆ.

ತೆಳು ಹಾಳೆಗೆ ಸಣ್ಣ ರೋಲರ್ ಒಳ್ಳೆಯದು, ಕಡಿಮೆ ಬಲ ಸಾಕು. ಆದರೆ ಸಣ್ಣ ರೋಲರ್ ಬಾಗಿಬಿಡುತ್ತದೆ. ಅದಕ್ಕೇ ಅದರ ಬೆನ್ನಿಗೆ ದೊಡ್ಡ ರೋಲರ್ ಇಡುತ್ತಾರೆ. ಮೇಲೆರಡು, ಕೆಳಗೆರಡು ರೋಲರ್ ಇರುವ ಈ ಮಿಲ್‌ಗೆ 'ಫೋರ್-ಹೈ' ಎಂದು ಹೆಸರು. ಗಟ್ಟಿಯಾದ ಸ್ಟೇನ್‌ಲೆಸ್ ಸ್ಟೀಲ್‌ಗೆ 20 ರೋಲರ್‌ಗಳ 'ಸೆಂಡ್ಜಿಮಿರ್' ಮಿಲ್ ಕೂಡ ಇದೆ.

ಹಾಗಾದರೆ ಹೊಳಪು ಎಲ್ಲಿಂದ ಬಂತು?

ಅಡುಗೆಮನೆಯ ಫಾಯಿಲ್‌ನ ದಪ್ಪ ಸುಮಾರು 10ರಿಂದ 18 ಮೈಕ್ರಾನ್. 1,000 ಮೈಕ್ರಾನ್ ಸೇರಿದರೆ 1 ಮಿಲಿಮೀಟರ್. ಇಷ್ಟು ತೆಳುವಾದದ್ದನ್ನು ಒಂಟಿಯಾಗಿ ಒತ್ತಿದರೆ ಹರಿಯುವ ಸಾಧ್ಯತೆ ಹೆಚ್ಚು. ಆದ್ದರಿಂದ ಕೊನೆಯ ಸುತ್ತಿನಲ್ಲಿ ಎರಡು ಹಾಳೆಗಳನ್ನು ಜೋಡಿಸಿ, ನಡುವೆ ಎಣ್ಣೆ ಸವರಿ, ಒಟ್ಟಿಗೆ ಒತ್ತುತ್ತಾರೆ. ಸಮೋಸದ ಹಾಳೆಗಳನ್ನು ಎಣ್ಣೆ ಸವರಿ ಜೋಡಿಯಾಗಿ ಲಟ್ಟಿಸಿ ಬಿಡಿಸುತ್ತಾರಲ್ಲ, ಹಾಗೆಯೇ.

ನುಣುಪಾದ ರೋಲರ್‌ಗೆ ತಾಗಿದ ಬದಿ ಹೊಳೆಯುತ್ತದೆ. ಹಾಳೆಗೆ ಹಾಳೆ ತಾಗಿದ ಬದಿ ಮಂಕಾಗುತ್ತದೆ. ಅಷ್ಟೇ! ಎರಡೂ ಕಡೆ ಇರುವುದು ಅದೇ ಅಲ್ಯೂಮಿನಿಯಂ. ಒಂಟಿಯಾಗಿ ಒತ್ತಿದ ದಪ್ಪ ಫಾಯಿಲ್‌ಗೆ ಎರಡೂ ಬದಿ ಹೊಳಪಿರುತ್ತದೆ. 'ನಾನ್-ಸ್ಟಿಕ್' ಫಾಯಿಲ್ ಮಾತ್ರ ಬೇರೆ. ಅದರ ಒಂದು ಬದಿಗೆ ಲೇಪನವಿರುತ್ತದೆ. ಯಾವ ಬದಿ ಬಳಸಬೇಕೆಂದು ಡಬ್ಬಿಯ ಮೇಲೆ ನೋಡಿಕೊಳ್ಳಿ.

ನಿಜವಾಗಿ ಗಮನಿಸಬೇಕಾದ್ದೇನು?

ಇಂಥ ಫಾರ್ವರ್ಡ್‌ಗಳ ದೊಡ್ಡ ತೊಂದರೆ ಎಂದರೆ, ಬದಿ ತಿರುಗಿಸಿದರೆ ಸಾಕು ಎಂಬ ಸುಳ್ಳು ಧೈರ್ಯ. ಮಂಕು ಬದಿ ಒಳಗಿಟ್ಟು ಬಿಸಿ ಪುಳಿಯೋಗರೆ ಕಟ್ಟಿದರೆ ಪ್ರಯೋಜನವಿಲ್ಲ. ಹುಳಿ ಮತ್ತು ಉಪ್ಪು ತಾಗಿದಾಗ ಎರಡೂ ಬದಿಯಿಂದ ಸ್ವಲ್ಪ ಅಲ್ಯೂಮಿನಿಯಂ ಊಟಕ್ಕೆ ಇಳಿಯುತ್ತದೆ. ಬಿಸಿ ಮತ್ತು ಸಮಯ ಹೆಚ್ಚಿದಷ್ಟೂ ಇದು ಹೆಚ್ಚು.

ಹಾಗೆಂದು ಗಾಬರಿ ಬೇಡ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಎಫ್‌ಎಒ ಜಂಟಿ ತಜ್ಞರ ಸಮಿತಿ 2011ರಲ್ಲಿ ಹೇಳಿದ ಮಿತಿ, ವಾರಕ್ಕೆ ದೇಹತೂಕದ ಪ್ರತಿ ಕೆಜಿಗೆ 2 ಮಿಲಿಗ್ರಾಂ. ಅಂದರೆ 60 ಕೆಜಿ ತೂಕದವರಿಗೆ 120 ಮಿಲಿಗ್ರಾಂ. ಆಹಾರದಿಂದ ಬಂದ ಅಲ್ಯೂಮಿನಿಯಂನ ಬಹುಪಾಲು ದೇಹಕ್ಕೆ ಸೇರದೆ ಹೊರಹೋಗುತ್ತದೆ. ಕಿಡ್ನಿ ತೊಂದರೆ ಇರುವವರು ಮಾತ್ರ ಹೆಚ್ಚು ಎಚ್ಚರ ವಹಿಸಬೇಕು.

ಒಟ್ಟಾರೆ ಹೇಳುವುದಾದರೆ:

ಚಪಾತಿ, ರೊಟ್ಟಿ ಸುತ್ತಲು ಯಾವ ಬದಿಯಾದರೂ ಸರಿ. ಪುಳಿಯೋಗರೆ, ನಿಂಬೆಹಣ್ಣಿನ ಚಿತ್ರಾನ್ನ, ಟೊಮೆಟೊ ಗೊಜ್ಜು, ಉಪ್ಪಿನಕಾಯಿಗೆ ಸ್ಟೀಲ್ ಡಬ್ಬಿ ಅಥವಾ ಬಾಳೆಎಲೆ ಬಳಸಿ. ಕಿಡಿ ಹಾರುವ ಅಪಾಯ ಇರುವುದರಿಂದ ಮೈಕ್ರೋವೇವ್‌ನಲ್ಲಿ ಫಾಯಿಲ್ ಬೇಡ.

ಹೊಳಪಿನ ಬದಿ ವಿಷ ಎಂಬ ಮಾತು ಸುಳ್ಳು. ಮುಂದಿನ ಸಲ ಆ ಮೆಸೇಜ್ ಬಂದರೆ, ಇದನ್ನು ಅದೇ ಗ್ರೂಪ್‌ಗೆ ಕಳಿಸಿ.