ಹೈವೇ ಬಿಡಿ, ಟ್ರ್ಯಾಕ್ ಹಿಡಿ!

ಮೊದಲೇ ಒಂದು ಪ್ರಶ್ನೆ, ಓದುಗ ಮಿತ್ರರೆ. ನಿಮ್ಮ ಕಾರು ಎಷ್ಟು ಜೋರಾಗಿ ಓಡುತ್ತದೆ ಎಂಬುದು ನಿಮಗೆ ಗೊತ್ತು. ಎಷ್ಟು ದೂರದಲ್ಲಿ ನಿಲ್ಲುತ್ತದೆ ಎಂಬುದು ಗೊತ್ತೇ?

ಇದನ್ನೇ ಚನ್ನಪಟ್ಟಣದ ಬಸ್ ಸ್ಟ್ಯಾಂಡ್ ಪಕ್ಕದ ಟೀ ಅಂಗಡಿಯಲ್ಲಿ ಕೇಳಿದೆ. ಕೂತಿದ್ದ ಹುಡುಗರೆಲ್ಲ ಗೊಳ್ಳೆಂದು ನಕ್ಕರು. ಒಬ್ಬ ಮಾತ್ರ ಕಾಲರ್ ಎತ್ತಿಕೊಂಡು, "ಅಣ್ಣ, ನಿಲ್ಸಕ್ಕೆ ಅಂತ ಯಾವನಾದ್ರೂ ಕಾರ್ ತಗತಾನಾ?" ಅಂದ. ಭೇಷ್! ಟಾಕೀಸಿನಲ್ಲಾಗಿದ್ದರೆ ಶಿಳ್ಳೆಯ ಮೇಲೆ ಶಿಳ್ಳೆ ಬೀಳುತ್ತಿತ್ತು. ಆದರೆ ಲೆಕ್ಕ ಡೈಲಾಗ್ ಕೇಳುವುದಿಲ್ಲವಲ್ಲ! ಗಂಟೆಗೆ 100 ಕಿ.ಮೀ. ವೇಗದಲ್ಲಿ ಕಾರು ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಸಾಗುತ್ತದೆ. 140ಕ್ಕೆ ಏರಿಸಿದರೆ 39 ಮೀಟರ್. ಎಮ್ಮೆ ಅಡ್ಡ ಬಂತು ಎಂದು ಕಣ್ಣು ಕಂಡು, ಕಾಲು ಬ್ರೇಕಿನ ಮೇಲೆ ಹೋಗುವಷ್ಟರಲ್ಲೇ ಆ ಒಂದು ಸೆಕೆಂಡ್ ಮಾಯ. ಇನ್ನೊಂದು ಗುಟ್ಟು: 100ರಿಂದ 140ಕ್ಕೆ ಹೋದರೆ ಹೆಚ್ಚಿದ್ದು 40 ಮಾತ್ರ, ಆದರೆ ಬ್ರೇಕು ನುಂಗಬೇಕಾದ ಶಕ್ತಿ ಹೆಚ್ಚುಕಡಿಮೆ ದುಪ್ಪಟ್ಟು!

ನಮ್ಮ ಸೀಮೆಯ ಹುಡುಗರಿಗೆ ಈ ವೇಗದ ಹುಚ್ಚು ಹತ್ತಿಸಿದ್ದು ಯಾರು ಅಂತ ಬೇರೆ ಹೇಳಬೇಕೇ? 2023ರ ಮಾರ್ಚ್ 12ರಂದು ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್ ರಸ್ತೆ ಉದ್ಘಾಟನೆಯಾಯಿತು. ಬಿಡದಿ, ರಾಮನಗರ, ಚನ್ನಪಟ್ಟಣವನ್ನೆಲ್ಲ ಬದಿಗೊತ್ತಿ ಆರು ಲೇನಿನ ರಸ್ತೆ ನೇರ ಹೋಯಿತು. ಆ ಒಂದೇ ವರ್ಷ ಅದರ ಮೇಲೆ ಸತ್ತವರು ನೂರಕ್ಕೂ ಹೆಚ್ಚು. ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರುಗಳಿಗೆ ನಡು ರಸ್ತೆ ಬಂದ್ ಆಯಿತು, ಕ್ಯಾಮರಾಗಳು ಬಂದವು. ಗಂಟೆಗೆ 130 ದಾಟಿದರೆ ಎಫ್.ಐ.ಆರ್. ಎಂದು 2024ರಲ್ಲಿ ಪೊಲೀಸರು ಸಾರಿದರು. ರಸ್ತೆಯಲ್ಲಿ ರೇಸ್ ಆಡಿದರೆ ಮೋಟಾರು ವಾಹನ ಕಾಯಿದೆಯ 189ನೇ ಕಲಮಿನಲ್ಲಿ ಮೂರು ತಿಂಗಳವರೆಗೆ ಜೈಲು ಇಲ್ಲವೇ 5,000 ರೂಪಾಯಿ ದಂಡ, ಇಲ್ಲವೇ ಎರಡೂ. ಎರಡನೇ ಸಲ ಸಿಕ್ಕಿಬಿದ್ದರೆ ಒಂದು ವರ್ಷದವರೆಗೆ!

ಹಾಗಾದರೆ ಆಸೆಯನ್ನು ಅದುಮಿಟ್ಟುಕೊಂಡು ಕೂರಬೇಕೇ? ಬೇಡ ಸ್ವಾಮಿ! ಅದಕ್ಕೇ ಇದೆ ಟ್ರ್ಯಾಕ್ ಡೇ.

ಗಬ್ಬರ್‌ಸಿಂಗನ ಊರಿನವರಿಗೆ ಒಂದು ಪಾಠ

ಸಿನಿಮಾದವರ ಮಾತಿಲ್ಲದೆ ನಮ್ಮ ಪತ್ರಿಕೆಯಲ್ಲಿ ಲೇಖನ ಮುಂದೆ ಹೋದೀತೇ? 1975ರ ಆಗಸ್ಟ್ 15ರಂದು ತೆರೆಕಂಡ 'ಶೋಲೆ' ಹುಟ್ಟಿದ್ದು ನಮ್ಮ ರಾಮದೇವರ ಬೆಟ್ಟದ ಬುಡದಲ್ಲಿ. ಧರ್ಮೇಂದ್ರ, ಅಮಿತಾಭ್ ಸೈಡ್‌ಕಾರ್ ಬೈಕಿನಲ್ಲಿ ಹಾಡುತ್ತಾ ಹೋಗುವ ದೃಶ್ಯ ನೋಡಿ ಎಷ್ಟು ಮಂದಿ ಹ್ಯಾಂಡಲ್ ಬಿಟ್ಟು ಓಡಿಸಿ ಹಲ್ಲು ಮುರಿದುಕೊಂಡರೋ! ತೆರೆಯ ಮೇಲೆ ಐದಾರು ನಿಮಿಷದ ಆ ಹಾಡಿಗೆ 21 ದಿನ ಶೂಟಿಂಗ್ ಹಿಡಿಯಿತಂತೆ. ಎದುರಿಗೆ ಲಾರಿ ಬಾರದ ರಸ್ತೆ, ಸುತ್ತ ಕಾಯುವ ಜನ, ತಪ್ಪಿದರೆ ಇನ್ನೊಂದು ಟೇಕು. ನಮಗೆ ಕಾಣುವುದು ಧೈರ್ಯ ಮಾತ್ರ. ಅದರ ಹಿಂದಿನ ತಯಾರಿ ಫ್ರೇಮಿನ ಆಚೆ ಇರುತ್ತದೆ.

ತಯಾರಿ ಇಲ್ಲದಿದ್ದರೆ ಏನಾಗುತ್ತದೆ ಎಂಬುದನ್ನೂ ನಮ್ಮ ಸೀಮೆಯೇ ನೋಡಿದೆ. 2016ರ ನವೆಂಬರ್ 7ರಂದು ಮಾಗಡಿ ಸೀಮೆಯ ತಿಪ್ಪಗೊಂಡನಹಳ್ಳಿ ಜಲಾಶಯದಲ್ಲಿ 'ಮಾಸ್ತಿಗುಡಿ' ಚಿತ್ರಕ್ಕಾಗಿ ಹೆಲಿಕಾಪ್ಟರಿನಿಂದ ಹಾರಿದ ಅನಿಲ್ ಮತ್ತು ಉದಯ್ ಮೇಲೆ ಬರಲೇ ಇಲ್ಲ. ಅವರ ಮೈಮೇಲೆ ಲೈಫ್ ಜಾಕೆಟ್ ಇರಲಿಲ್ಲ. ಗುಂಡಿಗೆ ಅವರಿಬ್ಬರಿಗೂ ಬೇಕಾದಷ್ಟಿತ್ತು. ಬೇಕಾಗಿದ್ದದ್ದು ಒಂದು ಜಾಕೆಟ್, ಪಕ್ಕದಲ್ಲೇ ಒಂದು ದೋಣಿ.

ಇನ್ನು ನಮ್ಮ ಕಣ್ಮಣಿ ಶಂಕರನಾಗ್. 'ಆಟೋ ರಾಜ'ನಾಗಿ ಮೆರೆದವರು, ಕಾರು ಕಳ್ಳರ ಕಥೆಯ 'ಮಿಂಚಿನ ಓಟ' ನಿರ್ದೇಶಿಸಿದವರು, 'ಆಕ್ಸಿಡೆಂಟ್' ಎಂಬ ಚಿತ್ರವನ್ನೇ ತೆಗೆದವರು. 1990ರ ಸೆಪ್ಟೆಂಬರ್ 30ರ ಬೆಳಗಿನ ಜಾವ ದಾವಣಗೆರೆ ಹತ್ತಿರದ ಆನಗೋಡಿನಲ್ಲಿ, ಹೆದ್ದಾರಿಯ ಮೇಲೆ ಅವರನ್ನು ಕಳೆದುಕೊಂಡೆವು. ವಯಸ್ಸು ಬರೀ 35. ಹೈವೇಗೆ ಸ್ಟಾರು, ಅಭಿಮಾನಿ ಎಂಬ ಭೇದವಿಲ್ಲ.

ಅದೇ ಟ್ರ್ಯಾಕ್ ನೋಡಿ. 2025ರ ಜನವರಿಯಲ್ಲಿ ದುಬೈಯ 24 ಗಂಟೆಗಳ ರೇಸಿಗೆ ಅಭ್ಯಾಸ ಮಾಡುವಾಗ ತಮಿಳಿನ ಅಜಿತ್ ಕುಮಾರರ ಪೋರ್ಷೆ ಕಾರು ತಡೆಗೋಡೆಗೆ ಬಡಿದು ಗಿರಗಿರನೆ ತಿರುಗಿತು. ಮನುಷ್ಯ ಬಾಗಿಲು ತೆಗೆದು ನಡೆದುಕೊಂಡೇ ಹೊರಬಂದರು! ಅದೇ ವಾರ ಅವರ ತಂಡ ತನ್ನ ವರ್ಗದಲ್ಲಿ ಮೂರನೇ ಸ್ಥಾನ ಗೆದ್ದಿತು. ಕಾರಿನೊಳಗೆ ಉಕ್ಕಿನ ಪಂಜರ, ಮೈಗೆ ಬಿಗಿ ಬೆಲ್ಟು, ತಲೆಗೆ ಹೆಲ್ಮೆಟ್ಟು. ಎದುರಿಗೆ ಲಾರಿಯಿಲ್ಲ, ಮರವಿಲ್ಲ.

ಹಾಗಂತ ಟ್ರ್ಯಾಕಿನಲ್ಲಿ ಸಾವೇ ಇಲ್ಲ ಎಂದು ನಾನು ಸುಳ್ಳು ಹೇಳುವುದಿಲ್ಲ. ಮದರಾಸಿನ ಟ್ರ್ಯಾಕಿನಲ್ಲೇ 2023ರ ಜನವರಿಯಲ್ಲಿ ಅನುಭವಿ ರೇಸರ್ ಕೆ.ಇ. ಕುಮಾರ್ ತೀರಿಕೊಂಡರು. ಆಗಸ್ಟಿನಲ್ಲಿ ಬೈಕ್ ರೇಸಿನಲ್ಲಿ ಬೆಂಗಳೂರಿನ 13 ವರ್ಷದ ಹುಡುಗನೊಬ್ಬ. ಅದಕ್ಕೇ ಮುಂದಿನದನ್ನು ಗಮನವಿಟ್ಟು ಓದಿ.

ಎಲ್ಲಿದೆ ಈ ಟ್ರ್ಯಾಕು?

ಮೊದಲನೆಯದು ಶ್ರೀಪೆರಂಬದೂರಿನ ಬಳಿ ಇರುಂಗಾಟುಕೋಟೈಯಲ್ಲಿರುವ ಮದರಾಸ್ ಇಂಟರ್‌ನ್ಯಾಷನಲ್ ಸರ್ಕ್ಯೂಟ್. ರಾಮನಗರದಿಂದ ಸುಮಾರು 350 ಕಿ.ಮೀ. ಚೆನ್ನೈ ಊರಿನೊಳಗೆ ಹೋಗುವ ತಾಪತ್ರಯವಿಲ್ಲ, ಬೆಂಗಳೂರು ಹೆದ್ದಾರಿಯಲ್ಲೇ ಮೊದಲು ಸಿಗುತ್ತದೆ. ಕನಕಪುರದವರು ಹಾರೋಹಳ್ಳಿ, ಆನೇಕಲ್ ಮೇಲೆ ಹೊಸೂರು ಸೇರಿಕೊಳ್ಳಬಹುದು. 1990ರಲ್ಲಿ ಶುರುವಾದ ಈ ಟ್ರ್ಯಾಕಿನ ಉದ್ದ 3.7 ಕಿ.ಮೀ. ಅದಕ್ಕೂ ಮುಂಚೆ ಮದರಾಸಿನ ರೇಸುಗಳೆಲ್ಲ ಷೋಲಾವರಂನ ಹಳೇ ವಿಮಾನ ಪಟ್ಟಿಯ ಮೇಲೆ. ಕೊಯಮತ್ತೂರಿನಲ್ಲಿ ಕರಿ ಸ್ಪೀಡ್‌ವೇ ಇದೆ, ಸಣ್ಣದು. ದೆಹಲಿ ಹತ್ತಿರದ ಬುದ್ಧ ಸರ್ಕ್ಯೂಟ್ 5 ಕಿ.ಮೀ.ಗೂ ಮೇಲೆ. ಅದು ಸದ್ಯಕ್ಕೆ ಬಿಡಿ.

ಟ್ರ್ಯಾಕ್ ಡೇ ಎಂದರೆ ರೇಸಲ್ಲ, ಇದನ್ನು ಮೊದಲು ತಲೆಗೆ ಹಾಕಿಕೊಳ್ಳಿ. ರೇಸಿಗೆ ಎಫ್.ಎಂ.ಎಸ್.ಸಿ.ಐ. ಲೈಸೆನ್ಸ್ ಬೇಕು, ಗೆಲುವು ಸೋಲು ಉಂಟು. ಇಲ್ಲಿ ದುಡ್ಡು ಕಟ್ಟಿ, ಹದಿನೈದಿಪ್ಪತ್ತು ನಿಮಿಷದ ಸರದಿಯಲ್ಲಿ ನಿಮ್ಮ ಕಾರನ್ನು ನೀವೇ ಓಡಿಸಿ ಕಲಿಯುತ್ತೀರಿ. ಕಪ್ಪು ಇಲ್ಲ, ಹಾರ ಇಲ್ಲ!

"ಸ್ಪೋರ್ಟ್ಸ್ ಕಾರ್ ಎಲ್ಲಿಂದ ತರಾನ?" ಎನ್ನುತ್ತೀರಾ? ಇದ್ದವರು ತರಲಿ, ಸಂತೋಷ. ಇಲ್ಲದವರಿಗೂ ನಿರಾಶೆ ಬೇಡ. ನಮ್ಮ ಬಿಡದಿಯ ಟೊಯೋಟಾ ಕಾರ್ಖಾನೆಯಲ್ಲಿ ತಯಾರಾಗುತ್ತಿದ್ದ ಇಟಿಯೋಸ್ ನೆನಪಿದೆಯೇ? ಇವತ್ತು ಟ್ಯಾಕ್ಸಿ ಎಂದು ಮೂಗು ಮುರಿಯುತ್ತೀರಿ. 2013ರಲ್ಲಿ ಅದೇ ಕಾರಿನ ರೇಸ್ ಸರಣಿಯೇ ನಡೆಯಿತು! ಸೆಕೆಂಡ್ ಹ್ಯಾಂಡ್ ಪೋಲೋ, ಸ್ವಿಫ್ಟ್, ಯಾವುದಾದರೂ ಸರಿ. ನನ್ನನ್ನು ಕೇಳಿದರೆ ಮೊದಲ ಸಲಕ್ಕೆ ಸಣ್ಣ ಕಾರೇ ವಾಸಿ. 300 ಕುದುರೆ ಶಕ್ತಿಯ ಕಾರು ಹೊಸಬನಿಗೆ ಏನನ್ನೂ ಕಲಿಸುವುದಿಲ್ಲ, ಹೆದರಿಸುತ್ತದೆ ಅಷ್ಟೆ.

ಬ್ರೇಕ್! ಬ್ರೇಕ್! ಬ್ರೇಕ್!

ಕಾರನ್ನು ಸಜ್ಜು ಮಾಡುವುದು ಎಂದ ಕೂಡಲೇ ನಮ್ಮವರು ಸೈಲೆನ್ಸರ್ ಬದಲಾಯಿಸುತ್ತಾರೆ, ಹಿಂದೆ ರೆಕ್ಕೆ ಹಾಕಿಸುತ್ತಾರೆ, ಗಾಜಿನ ತುಂಬ ಹೀರೋ ಸ್ಟಿಕ್ಕರ್! ಕಾನೂನು ಒಪ್ಪದ ಬದಲಾವಣೆಗೆ ಒಂದೊಂದಕ್ಕೂ 5,000 ರೂಪಾಯಿ ದಂಡ ಬೀಳಬಹುದು, ಆರು ತಿಂಗಳವರೆಗೆ ಜೈಲೂ ಉಂಟು. ಆ ದುಡ್ಡನ್ನು ಬ್ರೇಕಿಗೆ ಹಾಕಿ.

ರಾಮನಗರದ ಗ್ಯಾರೇಜಿನ ಮೇಸ್ತ್ರಿಯೊಬ್ಬರು ನನಗೆ ಹೇಳಿಕೊಟ್ಟ ಮಾತು ಇದು: "ಇಂಜಿನ್ ಕೆಟ್ರೆ ಕಾರ್ ನಿಂತೋಯ್ತದೆ ಕಣಣ್ಣೊ. ಬ್ರೇಕ್ ಕೆಟ್ರೆ ಕಾರ್ ನಿಲ್ಲಕ್ಕಿಲ್ಲ. ಯಾವ್ದನ್ನ ಮೊದ್ಲು ನೋಡ್ಬೇಕು ನೀನೇ ಹೇಳು."

ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಮಳೆಗಾಲದಲ್ಲಿ ಡಬ್ಬಿ ಮುಚ್ಚದ ಹಪ್ಪಳದ ಹಾಗೆ. ಡಾಟ್ 4 ದರ್ಜೆಯ ಹೊಸ ಆಯಿಲ್ ಕುದಿಯಲು ಕನಿಷ್ಠ 230 ಡಿಗ್ರಿ ಸೆಲ್ಸಿಯಸ್ ಬೇಕು. ತೇವ ಹೀರಿದ ಹಳೆಯದಕ್ಕೆ 155 ಡಿಗ್ರಿ ಸಾಕು. ಊರಲ್ಲಿ ಓಡಿಸುವಾಗ ಅಷ್ಟು ಬಿಸಿ ಏರುವುದೇ ಇಲ್ಲ, ಹಾಗಾಗಿ ಹಳೇ ಆಯಿಲಿನಲ್ಲೂ ಜೀವನ ಸಾಗುತ್ತದೆ. ಟ್ರ್ಯಾಕಿನಲ್ಲಿ ಸುತ್ತುಸುತ್ತಿಗೂ ಹತ್ತಾರು ಸಲ ಬಲವಾಗಿ ಒತ್ತಿದಾಗ ಅದು ಕುದಿಯುತ್ತದೆ. ಕುದಿದರೆ ಪೈಪಿನಲ್ಲಿ ಗುಳ್ಳೆ. ಗುಳ್ಳೆ ಎದ್ದರೆ ಪೆಡಲು ಹತ್ತಿಯ ದಿಂಬಿನ ಹಾಗೆ ನೆಲಕ್ಕೆ ಹೋಗುತ್ತದೆ, ಕಾರು ಮಾತ್ರ ಹೋಗುತ್ತಲೇ ಇರುತ್ತದೆ! ಆದ್ದರಿಂದ ಹೊರಡುವ ವಾರವೇ ಹಳೆಯದನ್ನು ಪೂರ್ತಿ ತೆಗೆಸಿ, ಸೀಲು ಒಡೆಯದ ಡಬ್ಬಿಯ ಹೊಸ ಆಯಿಲ್ ಹಾಕಿಸಿ, ಗಾಳಿ ತೆಗೆಸಿ. ಪ್ಯಾಡ್ ಅರ್ಧಕ್ಕಿಂತ ಹೆಚ್ಚು ಸವೆದಿದ್ದರೆ ಹೊಸದು. ಸರದಿಯ ಕೊನೆಯ ಸುತ್ತನ್ನು ಬ್ರೇಕ್ ಮುಟ್ಟದಷ್ಟು ನಿಧಾನವಾಗಿ ಮುಗಿಸಿ, ಗಾಳಿಗೆ ತಣಿಯಲಿ. ನಿಂತ ಮೇಲೆ ಹ್ಯಾಂಡ್ ಬ್ರೇಕ್ ಎಳೆಯಬೇಡಿ, ಕೆಂಡದಂತಾದ ಡಿಸ್ಕು, ಡ್ರಮ್ಮು ಕಚ್ಚಿಕೊಂಡಾವು. ಗೇರಿನಲ್ಲಿ ನಿಲ್ಲಿಸಿ, ಚಕ್ರಕ್ಕೆ ಕಲ್ಲು ಕೊಡಿ.

ಟೈರಿನ ಪಕ್ಕೆಯಲ್ಲಿ ನಾಲ್ಕಂಕಿಯ ಗುರುತು ಇರುತ್ತದೆ. 2322 ಎಂದಿದ್ದರೆ 2022ರ 23ನೇ ವಾರ ತಯಾರಾದದ್ದು. ಗುಂಡಿಯಿದ್ದರೂ ಹಳೆಯದಾಗಿ ಗಟ್ಟಿಯಾದ ಟೈರು ನಂಬಬೇಡಿ. ಓಡುತ್ತಾ ಬಿಸಿಯಾದಂತೆ ಗಾಳಿ ಒತ್ತಡ ಏರುತ್ತದೆ, ಆದ್ದರಿಂದ ಸ್ವಂತ ಗೇಜ್ ಒಂದು ಇಟ್ಟುಕೊಂಡು ಪ್ರತಿ ಸರದಿಯ ನಂತರ ನೋಡಿ. ಚಕ್ರದ ನಟ್ಟುಗಳನ್ನು ಟಾರ್ಕ್ ರೆಂಚಿನಲ್ಲಿ ಬಿಗಿಸಿ. ಕಾಲಿನಿಂದ ಪಾನಾ ತುಳಿದು ಬಿಗಿಸುವ ನಮ್ಮ ಪದ್ಧತಿ ಇಲ್ಲಿ ಬೇಡ. ಇಂಜಿನ್ ಆಯಿಲ್, ಕೂಲೆಂಟ್, ಬ್ಯಾಟರಿ ಕಟ್ಟು ನೋಡಿ. ಎಳೆಯುವ ಕೊಂಡಿಯನ್ನು ಬಂಪರಿನಲ್ಲಿ ಮೊದಲೇ ತಿರುಗಿಸಿ ಕೂರಿಸಿ.

ಕಾರಿನೊಳಗೆ ಅಲುಗಾಡುವ ವಸ್ತು ಒಂದೂ ಇರಕೂಡದು. ಸ್ಟೆಪ್ನಿ, ಜಾಕಿ, ಡಿಕ್ಕಿಯ ಸಾಮಾನು ಎಲ್ಲ ಕೆಳಗೆ. ನೀರಿನ ಬಾಟಲಿ ಉರುಳಿ ಬ್ರೇಕ್ ಪೆಡಲಿನ ಕೆಳಗೆ ಸಿಕ್ಕಿಕೊಂಡರೆ ಕಥೆ ಮುಗಿಯಿತು. ಕನ್ನಡಿಗೆ ತೂಗುಹಾಕಿದ ಚನ್ನಪಟ್ಟಣದ ಗೊಂಬೆಯನ್ನೂ ಬಿಚ್ಚಿ ಜೇಬಿಗೆ ಹಾಕಿಕೊಳ್ಳಿ. ಊರಿನ ಅಭಿಮಾನ ಸರಿ, ಆದರೆ ಕಾರು ಬಡಿದಾಗ ಅರಗಿನ ಬಣ್ಣದ ಆ ಮರದ ಗೊಂಬೆ ಬಂದೂಕಿನ ಗುಂಡಾಗುತ್ತದೆ.

ಇನ್ನು ಹೀರೋ ಸರದಿ

ಹಿಂದಿನ ರಾತ್ರಿ ಎಂಟು ಗಂಟೆ ನಿದ್ದೆ. ಸೆಕೆಂಡ್ ಶೋ ಬೇಡ, ಗುಂಡು ಖಂಡಿತ ಬೇಡ. ಬೆಳಿಗ್ಗೆ ಇಡ್ಲಿಯಂಥ ಹಗುರ ತಿಂಡಿ ಸಾಕು. ಮದರಾಸಿನ ಸೆಖೆಗೆ ನೀರು ಕುಡಿಯುತ್ತಲೇ ಇರಿ. ತುಂಬು ತೋಳಿನ ಹತ್ತಿ ಅಂಗಿ, ಹತ್ತಿ ಪ್ಯಾಂಟು ಹಾಕಿ. ಮಿಂಚುವ ನೈಲಾನ್ ಶರ್ಟು ಬೆಂಕಿಗೆ ಕರಗಿ ಚರ್ಮಕ್ಕೇ ಅಂಟುತ್ತದೆ. ಚಪ್ಪಲಿ ಬೇಡ, ತೆಳು ಅಟ್ಟೆಯ ಬೂಟು. ಹೆಲ್ಮೆಟ್ಟು ಮುಖ ಪೂರ್ತಿ ಮುಚ್ಚುವಂಥದ್ದು, ನಿಮ್ಮ ತಲೆಗೇ ಅಳತೆಯದ್ದು. ಗೆಳೆಯನದ್ದು ಎರವಲು ತಂದರೆ ತಲೆಯೊಳಗೆ ಗಡಗಡ ಅಂದೀತು.

ಸೀಟಿನಲ್ಲಿ ಒರಗಿ ಮಲಗುವ ಸ್ಟೈಲು ಬಿಡಿ. ಬೆನ್ನು ಸೀಟಿಗೆ ಅಂಟಿರುವಾಗಲೇ ಮಣಿಕಟ್ಟು ಸ್ಟೀರಿಂಗಿನ ಮೇಲ್ತುದಿ ಮುಟ್ಟಬೇಕು. ಕೈಗಳು ಗಡಿಯಾರದ ಒಂಬತ್ತು ಮತ್ತು ಮೂರರಲ್ಲಿ.

ಬೆಳಿಗ್ಗೆ ಬಾವುಟಗಳ ಪಾಠ ಹೇಳುತ್ತಾರೆ. ಹಿಂದಿನ ಬೆಂಚಿನಲ್ಲಿ ಕೂತು ಮೊಬೈಲ್ ನೋಡಬೇಡಿ. ಹಳದಿ ಕಂಡರೆ ಮುಂದೆ ಅಪಾಯ, ವೇಗ ಇಳಿಸಿ, ಯಾರನ್ನೂ ಹಿಂದೆ ಹಾಕಬೇಡಿ. ಕೆಂಪು ಕಂಡರೆ ಸರದಿ ನಿಂತಿತು, ನಿಧಾನವಾಗಿ ಒಳಗೆ ಬನ್ನಿ. ನೀಲಿ ಎಂದರೆ ಹಿಂದೆ ವೇಗದ ಕಾರು ಬಂದಿದೆ. ಕಪ್ಪು ಬಾವುಟ ನಿಮಗೇ ತೋರಿಸಿದರೆ ನೀವೇನೋ ಎಡವಟ್ಟು ಮಾಡಿದ್ದೀರಿ! ಹಿಂದೆ ಹಾಕುವುದು ನೇರ ರಸ್ತೆಯಲ್ಲಿ ಮಾತ್ರ, ಅದೂ ಮುಂದಿನವನು ಕೈಸನ್ನೆ ಮಾಡಿದ ಮೇಲೆ. ಮೊದಲ ಸರದಿಯಲ್ಲಿ ಎಲ್ಲರಿಗೂ ದಾರಿ ಕೊಡಿ. ಮರ್ಯಾದೆ ಹೋಗುವುದಿಲ್ಲ.

ತಿರುವಿನ ವಿದ್ಯೆ ಇಷ್ಟು. ಬ್ರೇಕೆಲ್ಲ ನೇರದಲ್ಲೇ ಮುಗಿಸಿ, ಆಮೇಲೆ ತಿರುಗಿಸಿ. ಹೊರ ಅಂಚಿನಿಂದ ಒಳ ಅಂಚಿಗೆ, ಮತ್ತೆ ಹೊರ ಅಂಚಿಗೆ. ನಿಧಾನ ಹೋಗಿ, ಜೋರಾಗಿ ಹೊರಬನ್ನಿ. ಕಣ್ಣು ಬಾನೆಟ್ಟಿನ ಮೇಲಲ್ಲ, ತಿರುವಿನ ಆಚೆ ಇರಲಿ. ಜಾರುತ್ತಿದೆ ಎಂದು ಗೋಡೆಯನ್ನೇ ನೋಡಿದರೆ ಗೋಡೆಗೇ ಹೋಗುತ್ತೀರಿ. ಬೆಂಗಳೂರಿನ ಗೋ-ಕಾರ್ಟ್ ಟ್ರ್ಯಾಕಿನಲ್ಲಿ ನಾಲ್ಕಾರು ಸಲ ಓಡಿಸಿ ಹೋದರೆ ಇದೆಲ್ಲ ಅರ್ಧ ಕಲಿತ ಹಾಗೇ.

ಒಂದು ಕಹಿ ವಿಷಯ. ನಿಮ್ಮ ಕಾರಿನ ವಿಮೆ ಪತ್ರ ತೆಗೆದು ಓದಿ. ಸಂಘಟಿತ ರೇಸು, ವೇಗ ಪರೀಕ್ಷೆ ಮೊದಲಾದವಕ್ಕೆ ಅದು ಅನ್ವಯಿಸುವುದಿಲ್ಲ ಎಂದು ಸ್ಪಷ್ಟವಾಗಿ ಬರೆದಿರುತ್ತದೆ. ಟ್ರ್ಯಾಕಿನಲ್ಲಿ ಜಖಂ ಆದರೆ ಖರ್ಚು ನಿಮ್ಮದೇ ಎಂದುಕೊಂಡೇ ಹೋಗಿ. ಸಾಲದ ಕಾರಾದರೆ ಎರಡು ಸಲ ಯೋಚಿಸಿ. ಅಪ್ಪನ ಕಾರಾದರೆ ಅವರಿಗೆ ಹೇಳಿಯೇ ಹೋಗಿ ಮಾರಾಯರೆ!

ಸಂಜೆಯ ಕೊನೆಯ ಸರದಿಯಲ್ಲಿ ಮೈ ದಣಿದಿರುತ್ತದೆ, ಟೈರು, ಬ್ರೇಕು ಸವೆದಿರುತ್ತವೆ, ಆದರೆ ಭಂಡ ಧೈರ್ಯ ಮಾತ್ರ ಬೆಟ್ಟದಷ್ಟು ಬೆಳೆದಿರುತ್ತದೆ. ನಾನಂತೂ ಆ ಸರದಿಯನ್ನು ಗೋಡೆಗೆ ಒರಗಿ ಕಾಫಿ ಕುಡಿಯುತ್ತಾ ನೋಡುತ್ತೇನೆ. ಅದೇ ಕಾರಿನಲ್ಲಿ 350 ಕಿ.ಮೀ. ವಾಪಸ್ ಬರಬೇಕಲ್ಲ! ಸ್ಟೆಪ್ನಿ, ಜಾಕಿ ಮರೆಯದೆ ತುಂಬಿಕೊಳ್ಳಿ. ಚಕ್ರ ಆರಿದ ಮೇಲೆ ನಟ್ಟು ಇನ್ನೊಮ್ಮೆ ಬಿಗಿಸಿ, ಪ್ಯಾಡ್ ಇಣುಕಿ ನೋಡಿ, ಗಾಳಿಯನ್ನು ಕಂಪನಿ ಹೇಳಿದ ಅಳತೆಗೆ ತನ್ನಿ. ಅಲ್ಲೇ ಲಾಡ್ಜಿನಲ್ಲಿ ರಾತ್ರಿ ಕಳೆದು, ಬೆಳಕು ಹರಿದ ಮೇಲೆ ಹೊರಡಿ. ಕೆಂಗೇರಿ ದಾಟಿ ಬಿಡದಿ ಕಡೆ ಇಳಿಯುವಾಗ ಪಕ್ಕದಲ್ಲಿ ಯಾರೋ ಹಾರ್ನ್ ಹೊಡೆದು ಕೆಣಕುತ್ತಾನೆ. ಹೋಗಲಿ ಬಿಡಿ, ಅವನ ಬ್ರೇಕ್ ಆಯಿಲ್ ಯಾವ ಕಾಲದ್ದೋ!