ಶಬ್ಬಾತ್: ಕೈ ತಡೆಯುವ ದಿನ

ಯೆಹೂದ್ಯರ ಮನೆಗಳಲ್ಲಿ ಶುಕ್ರವಾರ ಸೂರ್ಯ ಮುಳುಗುವ ಮೊದಲೇ ಗೃಹಿಣಿ ದೀಪ ಹಚ್ಚುತ್ತಾಳೆ. ಅವರ ದಿನಗಣನೆ ಸೂರ್ಯಾಸ್ತದಿಂದ. ನಮ್ಮ ಪಂಚಾಂಗದ ವಾರದಂತೆ ಸೂರ್ಯೋದಯದಿಂದಲ್ಲ. ಆದುದರಿಂದ ಅವರ ಶನಿವಾರ ಆ ಸಂಜೆಯೇ ಆರಂಭವಾಗಿ, ಮರುದಿನ ಇರುಳು ನಕ್ಷತ್ರಗಳು ಮೂಡುವವರೆಗೆ ಇರುತ್ತದೆ. ಇದೇ ಶಬ್ಬಾತ್.

ಈ ಹೀಬ್ರೂ ಶಬ್ದವನ್ನು 'ವಿಶ್ರಾಂತಿ' ಎಂದು ಅನುವಾದಿಸುವುದು ವಾಡಿಕೆ. ಧಾತ್ವರ್ಥವನ್ನು ನೋಡಿದರೆ 'ನಿಲ್ಲಿಸು, ಬಿಡು' ಎಂದಾಗುತ್ತದೆ. ಈ ಭೇದ ಸಣ್ಣದಲ್ಲ. ದೇವರು ಆರು ದಿನಗಳಲ್ಲಿ ಜಗತ್ತನ್ನು ಸೃಷ್ಟಿಸಿ ಏಳನೆಯ ದಿನ ನಿಲ್ಲಿಸಿದನೆಂದು ಆದಿಕಾಂಡ ಹೇಳುತ್ತದೆ, ದಣಿದು ಕುಳಿತನೆಂದಲ್ಲ. ಮಾಡಬಲ್ಲವನು ಮಾಡದೆ ನಿಂತನು. ಮನುಷ್ಯನೂ ವಾರಕ್ಕೊಮ್ಮೆ ಹಾಗೆ ಕೈ ತಡೆದು, ಜಗತ್ತು ತನ್ನ ಸೊತ್ತಲ್ಲವೆಂದು ನೆನೆಯಬೇಕು.

ಧರ್ಮೋಪದೇಶಕಾಂಡ ಇನ್ನೊಂದು ಕಾರಣವನ್ನು ಕೊಡುತ್ತದೆ: ಇಸ್ರಾಯೇಲರು ಐಗುಪ್ತದಲ್ಲಿ ದಾಸರಾಗಿದ್ದರು. ದಾಸನಿಗೆ ಬಿಡುವೆಲ್ಲಿಯದು? ಬಿಡುಗಡೆ ಹೊಂದಿದವನು ತಾನು ನಿಂತರೆ ಸಾಲದು. ಆಳುಕಾಳುಗಳನ್ನೂ ಎತ್ತುಕತ್ತೆಗಳನ್ನೂ ಊರಿಗೆ ಬಂದ ಪರದೇಶಿಯನ್ನೂ ಅಂದು ದುಡಿಸಕೂಡದು. ನನಗೆ ಈ ಎರಡನೆಯ ಕಾರಣವೇ ಹೆಚ್ಚು ಹೃದ್ಯ.

ಬಿಡಬೇಕಾದುದೇನು? ಮಿಶ್ನಾ ಗ್ರಂಥ 39 ಬಗೆಯ ಕೆಲಸಗಳನ್ನು ಎಣಿಸುತ್ತದೆ: ಉಳುವುದು, ಬಿತ್ತುವುದು, ನೂಲುವುದು, ಬೆಂಕಿ ಹೊತ್ತಿಸುವುದು, ಎರಡಕ್ಷರ ಬರೆಯುವುದು ಕೂಡ! (ನಮ್ಮಂಥ ಉಪಾಧ್ಯಾಯರಿಗೆ ಹಿತವಾದ ವಿಧಿ.) ಸಂಪ್ರದಾಯಸ್ಥರು ರೇಡಿಯೋದ ಗುಂಡಿಯನ್ನೂ ತಿರುಗಿಸುವುದಿಲ್ಲ. ಒಣ ಕಟ್ಟಳೆಯಂತೆ ಕಂಡರೂ ಇದು ಉಪವಾಸದ ದಿನವಲ್ಲ: ದ್ರಾಕ್ಷಾರಸ, ಜೋಡಿ ರೊಟ್ಟಿ, ಮೂರು ಊಟ, ಹಾಡು, ಶಾಸ್ತ್ರಪಠನ ಎಲ್ಲವೂ ಉಂಟು. ಪ್ರಾಣಾಪಾಯವೊದಗಿದಾಗ ನಿಯಮವನ್ನು ಮುರಿಯಬಹುದೆಂದಲ್ಲ, ಮುರಿಯಲೇಬೇಕು.

16ನೆಯ ಶತಮಾನದಲ್ಲಿ ಸಫೇದ್ ನಗರದ ಶ್ಲೋಮೋ ಅಲ್ಕಾಬೆಜ್ ಈ ದಿನವನ್ನು ವಧುವೆಂದು ಹಾಡಿದನು. ಆ ಹಾಡಿನ ಕೊನೆಯ ನುಡಿಗೆ ಸಭೆಯವರು ಇಂದಿಗೂ ಬಾಗಿಲ ಕಡೆ ತಿರುಗಿ ತಲೆಬಾಗುತ್ತಾರೆ. ಅಂದು ಮನುಷ್ಯನಿಗೆ ಇನ್ನೊಂದು ಆತ್ಮ ಬಂದು ಸೇರುವುದೆಂದು ತಾಲ್ಮುಡ್ ಹೇಳುತ್ತದೆ. ಶನಿವಾರ ರಾತ್ರಿ ಅದನ್ನು ಬೀಳ್ಕೊಡುವಾಗ ಮನಸ್ಸು ಕುಗ್ಗದಿರಲೆಂದು ಪರಿಮಳದ್ರವ್ಯಗಳನ್ನು ಮೂಸುತ್ತಾರೆ.

ಕ್ರಿ.ಶ. 70ರಲ್ಲಿ ರೋಮನರು ಜೆರೂಸಲೇಮಿನ ದೇವಾಲಯವನ್ನು ಕೆಡವಿದರು. ಚದುರಿಹೋದ ಜನ ಈ ದಿನವನ್ನು ಮಾತ್ರ ಹೋದಲ್ಲೆಲ್ಲ ಒಯ್ದರು. ಪಾವಿತ್ರ್ಯವನ್ನು ಸ್ಥಳದಲ್ಲಿ ಹುಡುಕುವ ಮೊದಲು ಕಾಲದಲ್ಲಿ ಹುಡುಕಬೇಕೆಂದು ಅಬ್ರಹಾಂ ಜೋಶುವಾ ಹೆಶೆಲ್ 1951ರ ತಮ್ಮ ಗ್ರಂಥದಲ್ಲಿ ವಾದಿಸಿದ್ದಾರೆ. ಮಹಾರಾಷ್ಟ್ರದ ಕೊಂಕಣ ತೀರದಲ್ಲಿ ನೆಲೆಸಿದ ಬೆನೆ ಇಸ್ರಾಯೇಲರು ಎಣ್ಣೆ ತೆಗೆಯುವ ಗಾಣಿಗರು. ನೆರೆಯವರು ಅವರನ್ನು 'ಶನಿವಾರ ತೇಲಿ' ಎನ್ನುತ್ತಿದ್ದರು. ಆ ದಿನ ಅವರ ಗಾಣ ತಿರುಗುತ್ತಿರಲಿಲ್ಲ.